ಬಿಳಿ ಬಣ್ಣ ಬಳಿಸಿದವನು

ರೈಲಿಗೆ ಬಿಳಿ ಬಣ್ಣ ಬಳಿಸಿದವನ ತಲೆಯಲ್ಲಿ ಏನಿತ್ತೋ! ಮೊದಲಿನ ಕಡುನೀಲಿ ನಮ್ಮ ಮಾನ ಕಾಪಾಡುತ್ತಿತ್ತು. ಈಗ ಒಂದು ಕೈಗುರುತು ಬಿದ್ದರೂ ಊರಿಗೆಲ್ಲ ಕಾಣುತ್ತದೆ. ಬೈಸಿಕೊಳ್ಳುವವಳು ಮಾತ್ರ ನಾನು, ಡಿಪೋದ ಕ್ಲೀನಿಂಗ್ ಸೂಪರ್‌ವೈಸರ್.

ಬಳಿಸಿದವನು ನಮ್ಮ ಕರೆಂಟ್ ಎಂಜಿನಿಯರ್. ಬಿಳಿ ಬಣ್ಣ ಬಿಸಿಲು ಹೀರುವುದಿಲ್ಲ, ಎಸಿಗೆ ಕರೆಂಟ್ ಉಳಿಯುತ್ತದೆ ಅಂತ ಅವನ ವಾದ. ನಿಂತ ರೈಲಿನಲ್ಲಿ ದೀಪ, ಎಸಿ ತಾವಾಗಿ ಆರಿ, ಬಾಗಿಲು ಮುಚ್ಚಿಕೊಳ್ಳುವ ಹಾಗೆಯೂ ಮಾಡಿಟ್ಟಿದ್ದ. ನನ್ನ ಹುಡುಗಿಯರು ಸೀಟಿನಡಿ ಬಗ್ಗಿ ಗುಡಿಸುವಾಗಲೇ ಕತ್ತಲು! ಜಗಳಕ್ಕೆ ಹೋದರೆ ನಗುತ್ತಿದ್ದ. ನಕ್ಕರೆ ಎಡಗೆನ್ನೆಯಲ್ಲಿ ಒಂದು ಗುಳಿ. ಅದನ್ನು ನೋಡುತ್ತಾ ನನಗೆ ಅರ್ಧ ಜಗಳ ಮರೆತೇ ಹೋಗುತ್ತಿತ್ತು. ಅದಕ್ಕೇ ಇನ್ನಷ್ಟು ಮೈ ಉರಿ.

ಸಾಕಾಗಿ ಬೇರೆ ಡಿಪೋಗೆ ವರ್ಗ ಕೇಳಿದೆ.

"ಅಲ್ಲಿ ಜಾಗ ಇದೆ. ಸಂಜೆಯೊಳಗೆ ಹೂಂ ಅಂದ್ಬಿಡಮ್ಮ" ಅಂದರು ಮ್ಯಾನೇಜರ್.

ಅಕ್ಕನಿಗೆ ಫೋನ್ ಮಾಡಿದೆ. "ನಿಜವಾಗ್ಲೂ ಹೋಗ್ತೀಯೋ, ಅವನೇ ಬಂದು ಬೇಡ ಅನ್ಲಿ ಅಂತ ಕಾಯ್ತಿದ್ದೀಯೋ?" ಅಂದಳು. ಫೋನ್ ಕಟ್ ಮಾಡಿದೆ.

ಮಧ್ಯಾಹ್ನ ಕೊನೆಯ ಬೋಗಿ ಒರೆಸಿ ಮುಗಿಸಿದ್ದೆ. ಅವನು ಬಂದ. ಹಸಿ ನೆಲದ ಮೇಲೆ, ಗ್ರೀಸ್ ಮೆತ್ತಿದ ಬೂಟಲ್ಲಿ!

"ಹೋಗ್ತೀರಂತೆ?"

"ಮೊದ್ಲು ಬೂಟು ಬಿಚ್ಚಿ!"

ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ತೂತಾದ ಸಾಕ್ಸಿನಿಂದ ಹೆಬ್ಬೆರಳು ಇಣುಕುತ್ತಿತ್ತು. ಬಂದ ನಗು ನುಂಗಿಕೊಂಡೆ.

ಅಷ್ಟರಲ್ಲಿ ದೀಪ ಆರಿತು. ಎಸಿ ನಿಂತಿತು. ಬಾಗಿಲು ಮುಚ್ಚಿತು. ಶೆಡ್ಡಿನೊಳಗೆ ಹಗಲೂ ಮಬ್ಬು.

"ನಿಮ್ಮದೇ ಪ್ರತಾಪ. ತೆಗೀರಿ ಈಗ!"

ಬಾಗಿಲ ಪಕ್ಕದ ಕೆಂಪು ಹಿಡಿ ಎಳೆದರೆ ತೆರೆಯುತ್ತದೆ. ಇಬ್ಬರಿಗೂ ಗೊತ್ತು. ಇಬ್ಬರೂ ಕೈ ಹಾಕಲಿಲ್ಲ.

"ಇನ್ಮೇಲೆ ಕ್ಲೀನಿಂಗ್ ಮುಗಿಯೋ ತನಕ ದೀಪ ಆರದ ಹಾಗೆ ಮಾಡ್ತೀನಿ" ಅಂದ.

"ಆಗುತ್ತಾ ಅದು?"

"ಮೊದ್ಲಿಂದ್ಲೂ ಆಗ್ತಿತ್ತು."

"ಮತ್ತೆ ಯಾಕೆ ಮಾಡ್ಲಿಲ್ಲ?"

ಅವನು ಬೂಟಿನ ಲೇಸು ಎಳೆದಾಡಿದ. "ಮಾಡಿದ್ರೆ ನೀವು ಜಗಳಕ್ಕೆ ಬರ್ತಿರ್ಲಿಲ್ಲ."

ರಕ್ತ ಕುದಿಯಿತು. "ಇದಕ್ಕಾ ನನ್ನ ಹುಡುಗೀರು ಕತ್ತಲಲ್ಲಿ ತಡಕಾಡಿದ್ದು?"

"ತಪ್ಪಾಯ್ತು. ಅವರಿಗೂ ಹೇಳ್ತೀನಿ." ಈ ಸಲ ಗುಳಿ ಕಾಣಲಿಲ್ಲ. "ನೀವಂದ್ರೆ ನಂಗೆ ಇಷ್ಟ. ಹೆಂಗೆ ಹೇಳ್ಬೇಕೋ ಗೊತ್ತಾಗ್ಲಿಲ್ಲ."

ಹೊಡೆಯಬೇಕು ಅನ್ನಿಸಿತು. ಅಳುವೂ ಬಂತು. ಇಷ್ಟು ದಿನ ನಾನೂ ಆ ಜಗಳಕ್ಕಾಗಿಯೇ ತಲೆ ಬಾಚಿಕೊಂಡು ಬರುತ್ತಿದ್ದೆನಲ್ಲ!

ಒರೆಸುವ ಕೋಲನ್ನು ಅವನ ಕೈಗೆ ತುರುಕಿದೆ. "ನಿಮ್ಮ ಹೆಜ್ಜೆ ಒಂದೂ ಕಾಣಬಾರ್ದು."

ಅವನು ಒರೆಸತೊಡಗಿದ. ನಾನು ಮ್ಯಾನೇಜರಿಗೆ ಫೋನ್ ಮಾಡಿ, ಹೋಗುವುದಿಲ್ಲ ಅಂದೆ. ಅವನ ಕೈ ನಿಂತಿತು.

"ಇನ್ನೊಂದ್ಸಲ ನನ್ನನ್ನ ನೋಡ್ಬೇಕು ಅನ್ಸಿದ್ರೆ ದೀಪ ಆರಿಸ್ಬೇಡಿ" ಅಂದೆ. "ಬಾ ಅಂತ ಕರೀರಿ. ಬರ್ತೀನಿ."