ಅವಳು ಬರೆದ ಎರಡು ಹೇಳಿಕೆಗಳು

"ಸುಳ್ಳು ಹೇಳೋ ಡಿಪಾರ್ಟ್‌ಮೆಂಟು ಇದೇನಾ?"

ಧಡ್ ಎಂದು ಅವಳ ಮೇಜಿನ ಮೇಲೆ ಒಂದು ಕೆಟಲ್ ಬಂದು ಕೂತಿತು. ಅದಕ್ಕೆ ಹಿಡಿಯೇ ಇರಲಿಲ್ಲ. ಹಿಡಿ, ಅದನ್ನು ತಂದವನ ಇನ್ನೊಂದು ಕೈಯಲ್ಲಿತ್ತು.

ಅವಳು ತಲೆಯೆತ್ತಿದಳು. ಕಲೆಯಾದ ನೀಲಿ ಕೋಟು, ಕೆದರಿದ ಕೂದಲು, ಕೆಂಡ ಕಾರುವ ಕಣ್ಣು! ಪರೀಕ್ಷಾ ಕೊಠಡಿಯ ಇಂಜಿನಿಯರ್. ಇಡೀ ಕಾರ್ಖಾನೆಯಲ್ಲಿ ಅವನಿಗೆ ಸಿಡುಕಪ್ಪ ಎಂದೇ ಹೆಸರು.

'ಅಬ್ಬಾ... ಜನ ಹೇಳಿದ್ದು ಕಮ್ಮಿಯೇ ಆಯಿತು!'

"ಅಲ್ಲ," ಎಂದಳು ತಣ್ಣಗೆ. "ನೀವು ಹುಡುಕ್ತಿರೋದು ಎದುರುಗಡೆ ರೂಮು. ಅದು ಮಾರ್ಕೆಟಿಂಗ್. ಇದು ಸಾರ್ವಜನಿಕ ಸಂಪರ್ಕ."

"ಎರಡಕ್ಕೂ ಏನ್ರೀ ವ್ಯತ್ಯಾಸ?"

"ಅವರು ಮಾಲು ಮಾರ್ತಾರೆ. ಮಾರಿದ ಮೇಲೆ ಜನರ ಎದುರು ತಲೆ ಎತ್ತಿ ನಿಲ್ಲೋಳು ನಾನು."

"ಹಾಗಾದ್ರೆ ನಿಲ್ಲಿ ನೋಡೋಣ!" ಅವನು ಮುರಿದ ಹಿಡಿಯನ್ನು ಅವಳ ಮುಂದೆ ಇಟ್ಟ. "ಮೊನ್ನೆ ಒಬ್ಬರು ದರ್ಜಿ ಅಮ್ಮ ನೀರು ಬಗ್ಗಿಸೋವಾಗ ಇದು ಕಿತ್ತು ಬಂದಿದೆ. ಬಲಗೈ ಪೂರ್ತಿ ಸುಟ್ಟಿದೆ. ದೂರು ಕೊಟ್ರೆ ನಮ್ಮವರು ಏನಂದ್ರು ಗೊತ್ತಾ? ನೀವೇ ಸರಿಯಾಗಿ ಹಿಡ್ಕೊಂಡಿಲ್ಲ ಅಂತ! ಈ ಹೊಸ ಪ್ಲಾಸ್ಟಿಕ್ ಸರಿ ಇಲ್ಲ, ಇನ್ನೂರು ಸಲ ನೀರು ಕಾಯಿಸಿದ್ರೆ ಸ್ಕ್ರೂ ಹತ್ರ ಬಿರುಕು ಬಿಡಬಹುದು ಅಂತ ನಾನು ನಲವತ್ತು ದಿನದ ಹಿಂದೇನೇ ಬರ್ದು ಕೊಟ್ಟಿದ್ದೆ."

"ಯಾರಿಗೆ?"

"ಮಾರ್ಕೆಟಿಂಗ್ ಮುಖ್ಯಸ್ಥರಿಗೆ. ಹೊಸ ಜಾಹೀರಾತು ಬರ್ತಿದೆ, ಅದು ಮುಗೀಲಿ, ಆಮೇಲೆ ನೋಡೋಣ ಅಂದ್ರು."

ಮಾರ್ಕೆಟಿಂಗ್ ಮುಖ್ಯಸ್ಥ ಬೇರೆ ಯಾರೂ ಅಲ್ಲ, ಅವಳ ಸ್ವಂತ ಭಾವ. ಅಕ್ಕನ ಗಂಡ. ಈ ಕೆಲಸಕ್ಕೆ ಅವಳನ್ನು ಸೇರಿಸಿದವನೂ ಅವನೇ!

ಅವಳು ಎದ್ದು ಚೀಲ ಹೆಗಲಿಗೇರಿಸಿದಳು.

"ಆ ಅಮ್ಮನ ಮನೆ ಗೊತ್ತಾ?"

"ಗೊತ್ತು... ಯಾಕೆ?"

"ನಡೀರಿ, ಹೋಗೋಣ."

ಅವನು ತಬ್ಬಿಬ್ಬಾದ. ಕಾಲು ಕೆರೆದು ಜಗಳಕ್ಕೆ ಬಂದವನಿಗೆ, ಎದುರಾಳಿಯೇ ಚಪ್ಪಲಿ ಮೆಟ್ಟಿ ಜೊತೆಗೆ ಹೊರಟರೆ ಹೇಗಾಗಬೇಡ!

*

ಎರಡನೇ ಮಹಡಿಯ ಸಣ್ಣ ಮನೆ. ಕಿಟಕಿಯ ಪಕ್ಕದಲ್ಲಿ ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿತ್ತು. ಅರ್ಧ ಹೊಲಿದ ಶಾಲೆಯ ಅಂಗಿಯೊಂದು ಗುಂಡುಸೂಜಿಗಳ ಸಮೇತ ಹಾಗೇ ಬಿದ್ದಿತ್ತು.

"ಅವಳಿಗೆ ಯಾವಾಗ್ಲೂ ಅವಸರ. ನೆಟ್ಟಗೆ ಹಿಡ್ಕೊಂಡಿರಲ್ಲ," ಎಂದು ಆ ಅಮ್ಮನ ಗಂಡ ಬಾಗಿಲಲ್ಲೇ ಪಂಚಾಯಿತಿ ಮುಗಿಸಿದ.

ದರ್ಜಿ ಅಮ್ಮ ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ಕೈ ವಾಸಿಯಾಗುತ್ತಂತೆ ತಾಯಿ, ಎರಡು ತಿಂಗಳು ಬೇಕಂತೆ. ಕಾಯ್ತೀನಿ. ಆದ್ರೆ ಮೂವತ್ತು ವರ್ಷ ಸೂಜಿ ಹಿಡಿದ ಕೈ ಇದು. ನಂಗೆ ಹಿಡ್ಕೊಳ್ಳೋಕೆ ಬರಲ್ಲ ಅಂದ್ರಲ್ಲ ನಿಮ್ಮೋರು! ಈಗ ಮನೇಲೂ ಅದನ್ನೇ ಆಡ್ತಾರೆ..."

ಸಿಡುಕಪ್ಪ ನೆಲದ ಮೇಲೆ ಮಂಡಿಯೂರಿ, ಕೈಗೆ ಆಸರೆಯಾಗಿ ಕೊರಳಿಗೆ ಕಟ್ಟಿದ್ದ ಸಡಿಲ ಜೋಳಿಗೆ ಪಟ್ಟಿಯ ಗಂಟನ್ನು ಬಿಚ್ಚಿ ಮೆಲ್ಲಗೆ ಮತ್ತೆ ಕಟ್ಟಿದ.

"ಅಮ್ಮ, ನಿಮ್ಮ ತಪ್ಪಿಲ್ಲ," ಎಂದ. ಆ ಗಡಸು ದನಿ ಬೆಣ್ಣೆಯಂತಾಗಿತ್ತು.

"ನೀನೊಬ್ಬ ಹೇಳಿದ್ರೆ ಆಯ್ತೇನಪ್ಪ? ಹತ್ತು ಜನರ ಎದುರು ನಂಗೆ ಕೆಟ್ಟ ಹೆಸರು ಬಂದಿದೆ. ಹತ್ತು ಜನರ ಎದುರೇ ಹೇಳ್ಬೇಕು."

"ನಾನು ಹೇಳ್ತೀನಿ ಅಮ್ಮ!" ಅವಳ ಬಾಯಿಂದ ತಾನಾಗಿ ಬಂತು. "ಹತ್ತಲ್ಲ, ಊರಿಗೆಲ್ಲ ಕೇಳೋ ಹಾಗೆ ಹೇಳ್ತೀನಿ."

ಮೆಟ್ಟಿಲಿಳಿಯುವಾಗ ಅವನು ಕೇಳಿದ. "ಮಾತು ಕೊಟ್ಟುಬಿಟ್ರಿ. ಉಳಿಸ್ಕೋತೀರಾ?"

"ನೋಡ್ತಾ ಇರಿ."

ಅವನು ನಕ್ಕ. ಸಿಡುಕಪ್ಪನಿಗೆ ನಗಲು ಬರುತ್ತದೆ ಎಂದರೆ ಕಾರ್ಖಾನೆಯಲ್ಲಿ ಯಾರೂ ನಂಬುತ್ತಿರಲಿಲ್ಲ! ಅವಳಿಗೆ ಮಾತ್ರ ಮುಂದಿನ ಮೂರು ಮೆಟ್ಟಿಲು ಲೆಕ್ಕ ತಪ್ಪಿತು.

*

ಮುಂದಿನ ನಾಲ್ಕು ದಿನ ಪರೀಕ್ಷಾ ಕೊಠಡಿಯಲ್ಲಿ ಹನ್ನೆರಡು ಕೆಟಲ್‌ಗಳು ಸಾಲಾಗಿ ಕುದಿದವು. ಅವನು ನೀರು ತುಂಬುವುದು, ಕಾಯಿಸುವುದು, ಎತ್ತಿ ಬಗ್ಗಿಸುವುದು. ಪ್ರತಿ ಸಲಕ್ಕೂ ಅವಳು ಒಂದು ಗೀಟು ಎಳೆಯುವುದು.

"ಟೀ ತಗೊಳ್ಳಿ. ನಮ್ಮ ಕೆಟಲ್‌ನಲ್ಲಿ ಮಾಡಿಲ್ಲ, ಹೆದರ್ಬೇಡಿ!"

ಅವಳು ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಆಮೇಲೆ ತನಗೇ ಆಶ್ಚರ್ಯಪಟ್ಟಳು. 'ಏನಾಗಿದೆ ನನಗೆ? ಕೆಟಲ್ ಕುದಿಯುವುದನ್ನು ನೋಡಲು ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಬರುತ್ತಿದ್ದೇನಲ್ಲ!' ಕೆಟಲ್ ನೋಡಲು ಬರುತ್ತಿಲ್ಲ ಎಂಬುದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತು.

ಅವಳ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಇಂಥ ದೂರು ಬಂದ ದಿನವೇ ಎರಡು ಹೇಳಿಕೆ ಬರೆದಿಡಬೇಕು. ತಪ್ಪು ನಮ್ಮದೆಂದು ಪರೀಕ್ಷೆ ಹೇಳಿದರೆ ಒಂದು, ಅಲ್ಲವೆಂದರೆ ಇನ್ನೊಂದು. ಫಲಿತಾಂಶ ಬಂದ ಗಳಿಗೆಯಲ್ಲಿ ಒಂದು ಪತ್ರಿಕೆಗೆ ಹೋಗುತ್ತದೆ, ಇನ್ನೊಂದು ಕಸದ ಬುಟ್ಟಿಗೆ. ಮನಸ್ಸು ಏನೇ ಹೇಳಲಿ, ಅಭ್ಯಾಸಬಲದಿಂದ ಅವಳು ಎರಡನ್ನೂ ಬರೆದಿದ್ದಳು. ಇದನ್ನು ಅವನಿಗೆ ಹೇಳಬೇಕೆಂದು ಹೊಳೆಯಲೇ ಇಲ್ಲ. ಮೀನಿಗೆ ಈಜು ಬರುತ್ತದೆ ಎಂದು ಯಾರಾದರೂ ಹೇಳುತ್ತಾರೆಯೇ?

ಐದನೆಯ ದಿನ ಅವಳು ಎರಡನ್ನೂ ಪ್ರಿಂಟರ್‌ಗೆ ಕೊಟ್ಟಳು. ಮೊದಲ ಹಾಳೆ ಹೊರಬರುವಷ್ಟರಲ್ಲಿ ಕಾರ್ಖಾನೆಯ ಯಜಮಾನಿಯ ಕರೆ ಬಂತು. ಆ ಹಾಳೆ ಹಿಡಿದು ಓಡಿದಳು. ಎರಡನೆಯದು ಆಮೇಲೆ ನಿಧಾನಕ್ಕೆ ಹೊರಬಂತು.

ಅದೇ ಹೊತ್ತಿಗೆ ಅವನು ಏದುಸಿರು ಬಿಡುತ್ತಾ ಬಂದ, ಕೈಯಲ್ಲಿ ವರದಿ. ಹನ್ನೆರಡರಲ್ಲಿ ಒಂಬತ್ತಕ್ಕೆ ಬಿರುಕು! ಅವಳಿಗೇ ಮೊದಲು ಹೇಳಬೇಕು ಅಂತ...

ಪ್ರಿಂಟರ್‌ನ ತಟ್ಟೆಯಲ್ಲಿದ್ದ ಹಾಳೆಯ ಮೇಲೆ ಕಣ್ಣು ಬಿತ್ತು.

'ನಮ್ಮ ಕೆಟಲ್‌ನಲ್ಲಿ ಯಾವ ದೋಷವೂ ಇಲ್ಲ. ಗ್ರಾಹಕರು ಸರಿಯಾಗಿ ಬಳಸದಿದ್ದುದೇ ಈ ಘಟನೆಗೆ ಕಾರಣ.' ಕೆಳಗೆ ಅವಳ ಹೆಸರು.

ಅವನು ಎರಡು ಸಲ ಓದಿದ. ವರದಿಯನ್ನು ಅದರ ಮೇಲಿಟ್ಟು, ಬಂದ ದಾರಿಯಲ್ಲೇ ಹೊರಟುಹೋದ.

ಮರಳಿ ಬಂದ ಅವಳು ವರದಿಯನ್ನು ಎತ್ತಿದಳು. ಅಡಿಯಲ್ಲಿದ್ದ ಹಾಳೆ ಕಂಡಿತು. ಎಲ್ಲ ಅರ್ಥವಾಯಿತು. ನಾಲ್ಕು ಸಲ ಫೋನ್ ಮಾಡಿದಳು. ಎತ್ತಲಿಲ್ಲ.

'ನಾಲ್ಕು ದಿನ ಪಕ್ಕದಲ್ಲೇ ಕೂತಿದ್ದೆನಲ್ಲ... ಒಂದು ಮಾತು ಕೇಳಬಾರದಿತ್ತೇ?'

ಕಣ್ಣು ತುಂಬಿ ಬಂತು. ಒರೆಸಿಕೊಂಡಳು. ಅಳಲು ಪುರುಸೊತ್ತಿರಲಿಲ್ಲ. ವರದಿಗಾಗಿ ಯಜಮಾನಿ ಕಾಯುತ್ತಿದ್ದರು.

*

ಯಜಮಾನಿಗೆ ಎಪ್ಪತ್ತು ದಾಟಿತ್ತು. ವರದಿ ಓದಿ ಕನ್ನಡಕ ತೆಗೆದರು. ಎದುರಿಗೆ ಭಾವ.

"ಅಮ್ಮ, ಗಾಬರಿ ಬೇಡ," ಎಂದ ಭಾವ. "ಮೊಬೈಲಲ್ಲಿ ವಿಡಿಯೋ ಮಾಡೋ ಮೂವತ್ತು ಜನ ಹೆಸರುವಾಸಿಗಳನ್ನ ಗೊತ್ತುಮಾಡಿದೀನಿ. ಎಲ್ಲರೂ ನಮ್ಮ ಕೆಟಲ್ ಹಿಡ್ಕೊಂಡು ನಗ್ತಾರೆ. ವಾರದೊಳಗೆ ಜನ ಇದನ್ನ ಮರೀತಾರೆ."

"ಹಿಡ್ಕೊಂಡು ನಗೋವಾಗ ಕಿತ್ತು ಬಂದ್ರೆ ಭಾವ?"

"ನೀನು ಸುಮ್ನಿರೆ! ನಿಂಗೆ ನಮ್ಮ ಕಸುಬಿನ ಚರಿತ್ರೆ ಗೊತ್ತಾ? ಸುಮಾರು ನೂರು ವರ್ಷದ ಹಿಂದೆ ವಿದೇಶದಲ್ಲಿ ಒಬ್ಬ, ಹೆಂಗಸರಿಗೆ ಸಿಗರೇಟನ್ನ ಸ್ವಾತಂತ್ರ್ಯದ ಪಂಜು ಅಂತ ಮೆರವಣಿಗೇಲಿ ಹಿಡಿಸಿ ಮಾರಿದ. ಮಾಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ, ಬರೀ ಆಸೆ ಹುಟ್ಟಿಸಿದ. ಇವತ್ತಿನ ಮಾರ್ಕೆಟಿಂಗ್ ಎಲ್ಲ ಅವನ ಸಂತಾನವೇ."

"ಗೊತ್ತು ಭಾವ. ಕೊನೆಗೆ ಆ ಹೆಂಗಸರಿಗೆ ಸಿಕ್ಕಿದ್ದು ಕೆಮ್ಮು," ಎಂದಳು. "ಅವನಿಗಿಂತ ಮುಂಚೆ ಇನ್ನೊಬ್ಬ ಇದ್ದ, ಅವನನ್ನ ಯಾಕೆ ಮರೀತೀರಿ? ಆ ಕಾಲದಲ್ಲಿ ರೈಲು ಉರುಳಿದ್ರೆ ಕಂಪನಿಗಳು ಸುದ್ದಿ ಮುಚ್ಚಿಡ್ತಿದ್ವು. ಅವನು ಹಿಂದೆ ಪತ್ರಕರ್ತ ಆಗಿದ್ದೋನು. ಮುಚ್ಚಬೇಡಿ, ನಮ್ಮದೇ ರೈಲಲ್ಲಿ ಪತ್ರಿಕೆಯೋರನ್ನ ಅಲ್ಲಿಗೇ ಕರ್ಕೊಂಡು ಹೋಗಿ, ಕೇಳಿದ್ದಕ್ಕೆಲ್ಲ ಉತ್ತರ ಕೊಡಿ ಅಂದ. ನನ್ನ ಕಸುಬು ಶುರುವಾಗಿದ್ದು ಅಲ್ಲಿಂದ."

"ಆ ಕಂಪನಿ ಉಳೀತೇನೆ?" ಯಜಮಾನಿ ಕೇಳಿದರು.

"ಉಳೀತಮ್ಮ. ಪತ್ರಿಕೆಗಳು ಮುಚ್ಚಿಟ್ಟವರನ್ನ ಬೈದವು, ಬಾಗಿಲು ತೆಗೆದವರನ್ನ ಹೊಗಳಿದವು."

ಯಜಮಾನಿ ವರದಿಯನ್ನು ಅವಳತ್ತ ತಳ್ಳಿದರು.

"ಸರಿ, ಬಾಗಿಲು ತೆಗಿ. ನೀನೇ ಮಾತಾಡು. ಕೆಟ್ಟರೆ ನಿನ್ನ ಕೆಲಸವೂ ಹೋಗುತ್ತೆ, ನೆನಪಿರಲಿ."

ಹೊರಗೆ ಭಾವ ಅವಳನ್ನು ತಡೆದ. ಮುಖ ಬಿಳಿಚಿತ್ತು. "ಆ ನಲವತ್ತು ದಿನದ ವಿಷಯ ಮಾತ್ರ ಎತ್ತಬೇಡ ಕಣೆ. ನಿಮ್ಮಕ್ಕನ ಮುಖ ನೋಡಿಯಾದ್ರೂ..."

ಅವಳು ಪತ್ರಕರ್ತರಿಗೆ ಫೋನ್ ಮಾಡಲು ತನ್ನ ಮೇಜಿಗೆ ನಡೆದಳು.

*

ಮರುದಿನ ಬೆಳಿಗ್ಗೆ ಪತ್ರಿಕಾಗೋಷ್ಠಿ, ಅದೂ ಪರೀಕ್ಷಾ ಕೊಠಡಿಯಲ್ಲೇ! ಬಿರುಕುಬಿಟ್ಟ ಒಂಬತ್ತು ಕೆಟಲ್‌ಗಳು ಸಾಲಾಗಿ ಕೂತಿದ್ದವು. ಇಪ್ಪತ್ತು ಜನ ಪತ್ರಕರ್ತರು, ಕ್ಯಾಮೆರಾಗಳು. ಬಾಗಿಲ ಬಳಿ ಅವನು ಕೈಕಟ್ಟಿ ನಿಂತಿದ್ದ, ಜೇಬಿನಲ್ಲಿ ರಾಜೀನಾಮೆ ಪತ್ರ. ಅವಳತ್ತ ನೋಡಲೂ ಇಲ್ಲ.

ಅವಳು ಓದತೊಡಗಿದಳು.

"ತಪ್ಪು ನಮ್ಮದು. ನಮ್ಮ ಕೆಟಲ್‌ನ ಹಿಡಿ ದುರ್ಬಲವಾಗಿದೆ. ಕೈ ಸುಟ್ಟುಕೊಂಡ ಹೆಣ್ಣುಮಗಳದ್ದು ಎಳ್ಳಷ್ಟೂ ತಪ್ಪಿಲ್ಲ. ಅವರು ಸರಿಯಾಗಿಯೇ ಹಿಡಿದಿದ್ದರು. ಮಾರಿದ ಪ್ರತಿಯೊಂದು ಕೆಟಲ್‌ನ ಹಿಡಿಯನ್ನೂ ನಾವೇ ಬದಲಾಯಿಸಿಕೊಡುತ್ತೇವೆ."

ಅವನು ಸರಕ್ಕನೆ ತಲೆಯೆತ್ತಿದ.

ಮುಂದಿನ ಸಾಲಿನಲ್ಲಿದ್ದ ಪತ್ರಕರ್ತೆ ಪೆನ್ನು ಎತ್ತಿದಳು. "ಕಂಪನಿಗೆ ಇದು ಮೊದಲೇ ಗೊತ್ತಿತ್ತಾ?"

ಗೋಡೆಗೆ ಒರಗಿದ್ದ ಭಾವ ಕಣ್ಣು ಮುಚ್ಚಿಕೊಂಡ. ಅವಳಿಗೆ ಅಕ್ಕನ ಮುಖ ನೆನಪಾಯಿತು... ಮಡಿಲಲ್ಲಿದ್ದ ಆ ಕಟ್ಟು ಹಾಕಿದ ಕೈಯೂ ನೆನಪಾಯಿತು.

"ಗೊತ್ತಿತ್ತು," ಎಂದಳು. "ನಲವತ್ತು ದಿನ ಮೊದಲೇ ನಮ್ಮ ಇಂಜಿನಿಯರ್ ಬರೆದು ಎಚ್ಚರಿಸಿದ್ದರು. ನಾವು ಕೇಳಲಿಲ್ಲ. ಕೇಳಿದ್ದರೆ ಆ ಕೈ ಸುಡುತ್ತಿರಲಿಲ್ಲ. ಅವರು ಅಲ್ಲೇ ನಿಂತಿದ್ದಾರೆ. ಏನು ಬೇಕಾದರೂ ಕೇಳಿ, ಯಾವ ಉತ್ತರವನ್ನೂ ನಾವು ತಡೆಯುವುದಿಲ್ಲ."

ಕ್ಯಾಮೆರಾಗಳೆಲ್ಲ ಒಟ್ಟಿಗೆ ಬಾಗಿಲತ್ತ ತಿರುಗಿದವು. ಕಿಟಕಿಯಾಚೆ ಇಣುಕುತ್ತಿದ್ದ ಕಾರ್ಮಿಕರು ಚಪ್ಪಾಳೆ ಹೊಡೆದರು. ಯಾರೋ ಸಿಳ್ಳೆಯನ್ನೂ ಹಾಕಿದರು!

ಆಗ ಒಂದು ಅಚ್ಚರಿ ನಡೆಯಿತು. ಭಾವ ಮುಂದೆ ಬಂದು ಕೈಮುಗಿದ. "ಆ ಪತ್ರ ಬಂದಿದ್ದು ನನಗೆ. ಅದನ್ನ ಪಕ್ಕಕ್ಕಿಟ್ಟೋನು ನಾನು. ಆ ಅಮ್ಮನ ಮನೆಗೆ ಹೋಗಿ ಕ್ಷಮೆ ಕೇಳ್ತೀನಿ."

ಅರ್ಧ ಗಂಟೆಯಲ್ಲಿ ಅವಳ ಫೋನ್ ಹೊಡೆದುಕೊಂಡಿತು. ದರ್ಜಿ ಅಮ್ಮ ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ. "ಟೀವೀಲಿ ನೋಡಿದೆ ತಾಯಿ! ನಮ್ಮನೆಯೋರು ಒಂದು ಮಾತೂ ಆಡದೆ ಎದ್ದು ಹೋಗಿ ಟೀ ಮಾಡ್ಕೊಂಡು ಬಂದ್ರು. ಮದುವೆಯಾದ ಮೇಲೆ ಇದೇ ಮೊದಲು!"

*

ಮೂರನೆಯ ದಿನ ಕಾರ್ಖಾನೆಯ ಗೇಟಿನಿಂದ ರಸ್ತೆಯ ತಿರುವಿನ ತನಕ ಸಾಲು. ಎಲ್ಲರ ಕೈಯಲ್ಲೂ ಕೆಟಲ್! ಬೈಯಲು ಬಂದವರಿಗಿಂತ ನೋಡಿ ಹೋಗಲು ಬಂದವರೇ ಹೆಚ್ಚು. "ತಪ್ಪು ಒಪ್ಪಿಕೊಂಡ ಕಂಪನಿ ಇದೇನಾ?" ಎಂದು ಕೇಳಿ, ಹಳೆಯ ಗಟ್ಟಿ ಪ್ಲಾಸ್ಟಿಕ್ಕಿನ ಹಿಡಿ ಹಾಕಿಸಿಕೊಂಡು, ಮಗಳ ಮನೆಗೂ ಒಂದು ಹೊಸ ಕೆಟಲ್ ಬೇಕೆಂದವರೂ ಇದ್ದರು. ಮೂವತ್ತು ಹೆಸರುವಾಸಿಗಳು ಮಾಡಲಾಗದ್ದನ್ನು ಒಂದು ನಿಜ ಮಾಡಿತ್ತು.

ರಾಜೀನಾಮೆ ಪತ್ರವನ್ನು ಹರಿದೆಸೆದಿದ್ದ ಅವನು ಗೇಟಿನ ಬಳಿಯ ಮೇಜಿನಲ್ಲಿ ಸ್ಕ್ರೂ ಬಿಚ್ಚುತ್ತಿದ್ದ. ಪಕ್ಕದಲ್ಲಿ ಅವಳು ವಿಳಾಸ ಬರೆಯುತ್ತಿದ್ದಳು. ಮೂರು ದಿನದಿಂದ ಇಬ್ಬರ ನಡುವೆ ಮಾತಿಲ್ಲ, ಕತೆಯಿಲ್ಲ.

"ಎರಡು ಹೇಳಿಕೆ ಬರೆಯೋದು ನಿಮ್ಮ ಪದ್ಧತಿಯಂತೆ," ಎಂದ ಕೊನೆಗೂ, ತಲೆ ತಗ್ಗಿಸಿಕೊಂಡೇ. "ಯಜಮಾನಿ ಹೇಳಿದ್ರು."

"ನನ್ನನ್ನೇ ಕೇಳಿದ್ರೆ ನಾನೂ ಹೇಳ್ತಿದ್ದೆ."

"ತಪ್ಪಾಯ್ತು."

"ಒಂದು ಹಾಳೆ ನೋಡಿ ಅಳೆದುಬಿಟ್ರಿ ನನ್ನನ್ನ! ಒಂದು ಕೆಟಲನ್ನ ಇನ್ನೂರು ಸಲ ಪರೀಕ್ಷೆ ಮಾಡೋರು ನೀವು..." ಅವಳು ಅವನತ್ತ ತಿರುಗಿದಳು. "ನಾನು ಒಂದು ಸಲಕ್ಕೂ ಲಾಯಕ್ಕಿರಲಿಲ್ವಾ?"

ಅವನ ಕೈಯ ಸ್ಕ್ರೂಡ್ರೈವರ್ ನಿಂತಿತು.

"ಹೆದರಿದೆ ಕಣ್ರೀ. ಕೇಳಿದಾಗ ನೀವು ಹೌದು, ಅದೇ ನನ್ನ ಹೇಳಿಕೆ ಅಂದುಬಿಟ್ರೆ? ಆಮೇಲೆ ನಿಮ್ಮನ್ನ ಮರೀಬೇಕಾಗ್ತಿತ್ತು... ಅದು ನನ್ನ ಕೈಲಾಗ್ತಿರಲಿಲ್ಲ."

ಅವಳು ಬರೆಯುವುದನ್ನು ಮರೆತಳು.

"ರೀ ಇಂಜಿನಿಯರ್ರೇ!" ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಕೆಟಲ್ ತಟ್ಟಿದರು. "ಹೇಳೋದನ್ನ ಬೇಗ ಹೇಳಿ ಮುಗಿಸಪ್ಪ. ನನ್ನ ಕಾಲು ನೋಯ್ತಿದೆ!"

ಸಾಲಿಗೆ ಸಾಲೇ ಗೊಳ್ಳೆಂದಿತು. ಅವನ ಕಿವಿಯ ತುದಿ ಕೆಂಪಾಯಿತು. ಆದರೂ ಈ ಸಲ ಎದ್ದು ಓಡಲಿಲ್ಲ.

"ಭಾನುವಾರ ನಿಮ್ಮ ಭಾವನ ಮನೆಗೆ ಬರ್ತೀನಿ," ಎಂದ.

"ಯಾಕೆ? ಇನ್ನೊಂದು ದೂರು ಕೊಡೋಕಾ?"

"ನಿಮ್ಮ ನಾದಿನೀನ ನಂಗೆ ಕೊಡಿ ಅಂತ ಕೇಳೋಕೆ."

"ಊರ ಮುಂದೆ ಅವರ ಮಾನ ತೆಗೆದಿದೀವಿ. ಬೈದು ಅಟ್ಟಿದ್ರೆ?"

"ಬೈಸ್ಕೋತೀನಿ. ಮುಂದಿನ ಭಾನುವಾರ ಮತ್ತೆ ಬರ್ತೀನಿ."

"ಏನಂತ ಹೇಳ್ತೀರಿ ಅವರಿಗೆ?"

"ಅವಳಿಲ್ದೆ ನಂಗೆ ಇರೋಕಾಗಲ್ಲ ಅಂತ."

"ಅದನ್ನ ಭಾವಂಗಲ್ಲ, ಮೊದಲು ನಂಗೆ ಹೇಳಿ!"

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟು ಅವಳ ಕಣ್ಣನ್ನೇ ನೋಡಿದ.

"ನೀನಿಲ್ದೆ ನಂಗೆ ಇರೋಕಾಗಲ್ಲ."

ಅವಳು ಕಣ್ಣೊರೆಸಿಕೊಂಡು ನಕ್ಕಳು. "ನಂಗೂ ಅಷ್ಟೇ... ಈಗ ಅಜ್ಜಿ ಕೆಟಲ್ ತಗೋ, ಪಾಪ ಕಾಲು ನೋಯ್ತಿದೆಯಂತೆ."