ಪಕೀರಮ್ಮನ ಟಿವಿ

“ಸವತಿ ಪದಕ ಕಟ್ಟಿಕೊಳ್ಳವಾ. ಸತ್ತಾಕಿಗೂ ಕುಂದ್ರಾಕ ಒಂದು ಜಾಗ ಬೇಕು,” ಎಂದು ಅತ್ತೆ ಅಮರಮ್ಮ ಬೆಳ್ಳಿಯ ಬಿಲ್ಲೆ ಮುಂದೆ ಹಿಡಿದಾಗ ಮಹೇಶ್ವರಿ ನಕ್ಕುಬಿಟ್ಟಳು. ಕುಷ್ಟಗಿಯಲ್ಲಿ ಓದಿ ಬೆಳೆದವಳು. ಗಾಳೇಶನಿಗೆ ಎರಡನೆಯ ಹೆಂಡತಿಯಾಗಿ ಹನುಮಸಾಗರಕ್ಕೆ ಬಂದು ತಿಂಗಳೂ ಆಗಿರಲಿಲ್ಲ. ಸತ್ತ ಮೊದಲ ಹೆಂಡತಿ ಪಕೀರಮ್ಮನ ಮುಖ ಕೊರೆದ ಬಿಲ್ಲೆಯನ್ನು ತಾನು ಎದೆಯ ಮೇಲೆ ಹೊರುವುದೆ? ಪತ್ತಾರನಿಗೆ ಕೊಟ್ಟು, ಕರಗಿಸಿ, ಕಾಲುಂಗುರ ಮಾಡಿಸಿಕೊಂಡಳು.

ಉಂಗುರ ತೊಟ್ಟ ಸಂಜೆಯೇ ಟಿವಿ ಗುಂಯ್‌ಗುಡತೊಡಗಿತು. ದಾಳಿಂಬೆ ತೋಟದ ಕೂಲಿಯಲ್ಲಿ ಪಕೀರಮ್ಮ ತಾನೇ ಕೊಂಡಿದ್ದ ಟಿವಿ ಅದು. ಮಹೇಶ್ವರಿ ಒಬ್ಬಳೇ ಕೂತರೆ ಸುಮ್ಮನಿರುತ್ತಿತ್ತು. ಗಂಡ ಪಕ್ಕಕ್ಕೆ ಬಂದರೆ ಸಾಕು, ಟಿವಿಯ ಮಾತುಗಳ ಅಡಿಯಿಂದ ಸದ್ದು ಏಳುತ್ತಿತ್ತು. ರಿಪೇರಿಯ ತಾಹೇರ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡೇ ವೈರು ಬದಲಿಸಿದ, ಅರ್ಥಿಂಗ್ ನೋಡಿದ, ಸ್ಪೀಕರನ್ನೇ ಹೊಸದು ಹಾಕಿದ. ಕೊನೆಗೆ ಪ್ಲಗ್ಗು ಕಿತ್ತ. ಸದ್ದು ನಿಲ್ಲಲಿಲ್ಲ. “ಸೆಟ್ಟಿನಾಗ ಏನೂ ಇಲ್ರಿ,” ಎಂದವನು ಹತಾರಗಳನ್ನು ಅಲ್ಲೇ ಬಿಟ್ಟು ಹೋದ.

ಗಾಳೇಶ ಮಾತ್ರ ಹೆದರಲಿಲ್ಲ. “ಪಕೀರಿ ರೊಟ್ಟಿ ಬಡಿವಾಗ ಹಿಂಗ ಗುನುಗ್ತಿದ್ಲು,” ಎಂದು ಟಿವಿಗೆ ಕಿವಿಗೊಟ್ಟು ಕೂತ. ಅವನ ಮುಖದಲ್ಲಿ ಮೂಡಿದ ಮೆತ್ತನೆಯ ಕಳೆ ಮಹೇಶ್ವರಿಗೆ ಒಮ್ಮೆಯೂ ಸಿಕ್ಕಿರಲಿಲ್ಲ. ಬದುಕಿರುವ ಸವತಿಯಾದರೆ ಜಡೆ ಹಿಡಿದು ಜಗಳಾಡಬಹುದು. ಸತ್ತವಳ ಜೊತೆ ಗುದ್ದಾಡುವುದು ಹೇಗೆ?

ಪದಕ ನಂಬದವಳು ಮಾಟ ನಂಬಿ ಹೊರಟಳು. ಹೊಟ್ಟೆಕಿಚ್ಚಿಗೆ ಎಲ್ಲಿಯ ತರ್ಕ! ಮಾಟಗಾರ ಗಾದಿಲಿಂಗಪ್ಪನ ಗುಡಿಸಲಲ್ಲಿ ಸುಟ್ಟ ಕೂದಲಿನ ಕಮಟು. ಮೊಳೆ ಚುಚ್ಚಿದ ನಿಂಬೆಹಣ್ಣು ಕೊಡುತ್ತ ಅವನು ಕೇಳಿದ: “ಇದನ್ನ ಇಟ್ರ ಟಿವಿ ಬಿಟ್ಟು ಏಳ್ತಾಳ. ಪದಕದಾಗ ಬಂದು ಕುಂದರ್ತಾಳ. ಕೊಳ್ಳಾಗ ಪದಕ ಐತಿಲ್ಲ?”

ಮಹೇಶ್ವರಿ ಕಾಲುಂಗುರ ಕಾಣದಂತೆ ಪಾದಗಳನ್ನು ಸೀರೆಯಂಚಿನೊಳಗೆ ಎಳೆದುಕೊಂಡಳು.

“ಐತ್ರಿ,” ಎಂದಳು.

ಸಂಜೆ, ಗಾಳೇಶ ಆ ಸದ್ದಿಗೆ ಕಿವಿಗೊಟ್ಟು ಕೂತಿದ್ದಾಗಲೇ ನಿಂಬೆಯನ್ನು ಟಿವಿಯ ಹಿಂದೆ ಇಟ್ಟಳು. ಕರೆಂಟು ಹೋಯಿತು. ಸದ್ದು ನಿಂತಿತು. ಗೆದ್ದೆ ಎಂದುಕೊಂಡಳು. ಆಗ ಬಿಸಿ ರೊಟ್ಟಿಯ ವಾಸನೆ ಬಂತು. ಒಲೆಯೇ ಹೊತ್ತಿರಲಿಲ್ಲ. ವಾಸನೆ ಹತ್ತಿರವಾಯಿತು. ಇನ್ನೂ ಹತ್ತಿರ. ಮೂಗಿನೊಳಗೆ. ಗಂಟಲೊಳಗೆ. ಅತ್ತೆಯನ್ನು ಕೂಗಲು ಬಾಯಿ ತೆರೆದಳು. ಅವಳ ಗಂಟಲೇ ಗುಂಯ್ ಎಂದಿತು. ಬಾಯಿ ಮುಚ್ಚಿದಳು. ನಿಲ್ಲಲಿಲ್ಲ.

ಕತ್ತಲಲ್ಲಿ ಗಾಳೇಶ ತಡವರಿಸುತ್ತ ಬಂದು ಅವಳನ್ನು ಬಾಚಿ ತಬ್ಬಿಕೊಂಡ. ಮದುವೆಯಾದಾಗಿನಿಂದ ಅವಳು ಬಯಸಿ ಬಯಸಿ ಕಾದಿದ್ದ ಅಪ್ಪುಗೆ.

“ಬಂದ್ಯಾ, ಪಕೀರಿ,” ಎಂದ ಕಿವಿಯ ಹತ್ತಿರ. “ಇನ್ನ ಆಕಿನ್ನ ವಾಪಸ್ ಬರಗೊಡಬ್ಯಾಡ.”