ಹಗಲು ಹೇಳಿದ ಕಥೆ

ಹಗಲು ಹೊತ್ತಿನಲ್ಲಿ ಕಥೆ ಹೇಳಿದರೆ ದಾರಿಯಲ್ಲಿ ಹೋಗುವವರು ದಾರಿ ತಪ್ಪುತ್ತಾರೆ ಎಂದು ನನ್ನ ಅಜ್ಜಿ ಸಾವಿತ್ರಮ್ಮ ನಂಬಿದ್ದರು. ದೀಪ ಹಚ್ಚುವವರೆಗೆ ಅವರ ಬಾಯಿಂದ ಒಬ್ಬ ರಾಜಕುಮಾರಿಯೂ ಹೊರಬರುತ್ತಿರಲಿಲ್ಲ.

ಹಳೇಬೀಡಿನ ಹೈಸ್ಕೂಲಿಗೆ ನಾನು ಕನ್ನಡದ ಅತಿಥಿ ಶಿಕ್ಷಕಿಯಾಗಿ ಸೇರಿ, ಕಥಾ ಸಂಘ ನನ್ನ ಪಾಲಿಗೆ ಬಂದಾಗ ಅಜ್ಜಿ ಕೇಳಿದ್ದು ಒಂದೇ ಮಾತು.

"ಯಾವ ಹೊತ್ನಲ್ಲೇ ಹೇಳೋದು?"

"ಶನಿವಾರ, ಕೊನೇ ಪಿರಿಯಡ್ಡು. ಹನ್ನೊಂದು ಗಂಟೆಗೆ."

"ಅಯ್ಯೋ, ಬಿಸಿಲಲ್ಲೇ? ಯಾರ ಮನೆ ಮಗ ಎಲ್ಲಿ ದಾರಿ ತಪ್ತಾನೋ! ಆ ಪಾಪ ನಿಂಗೇ ಸುತ್ಕೊಳ್ತದೆ ಕಣೇ ಹೇಮಾ."

ಮುಂದಿನ ಶನಿವಾರವೇ ರಾಹುಲ್ ದಾರಿ ತಪ್ಪಿ ಬಂದರು.

ಶನಿವಾರದ ಕೊನೆಯ ಪಿರಿಯಡ್ಡಿನಲ್ಲಿ ಇಡೀ ಶಾಲೆ ಸಂಘಗಳಾಗಿ ಒಡೆದುಕೊಳ್ಳುತ್ತಿತ್ತು. ಚಿತ್ರ ಸಂಘ ವರಾಂಡಕ್ಕೆ, ತೋಟದ ಸಂಘ ಬೋರ್‌ವೆಲ್ ಪಕ್ಕಕ್ಕೆ. ಎಲ್ಲೂ ಸೇರದೆ ಉಳಿದ ಹದಿನೇಳು ಮಕ್ಕಳು ನನ್ನ ಜೊತೆ ಹಿತ್ತಲಿನ ಹೊಂಗೆ ಮರದಡಿಗೆ. ನಾನು ಕಥೆಯ ರಾಜಕುಮಾರನನ್ನು ಏಳು ಸಮುದ್ರಗಳಲ್ಲಿ ನಾಲ್ಕನ್ನು ದಾಟಿಸಿದ್ದೆ, ಅಷ್ಟರಲ್ಲಿ ಕಾಂಪೌಂಡ್ ಗೋಡೆ ಬಿದ್ದ ಜಾಗದಿಂದ ಒಬ್ಬರು ಒಳಗೆ ಕಾಲಿಟ್ಟರು. ಮೊಣಕಾಲಿನವರೆಗೆ ಪ್ಯಾಂಟಿಗೆ ಹುಲ್ಲಿನ ಮುಳ್ಳು.

"ಇದು ಹೈಸ್ಕೂಲೇ ಅಲ್ವಾ?"

"ಹೌದು. ಗೇಟು ಮಾತ್ರ ಆ ಕಡೆ ಇದೆ."

"ಬಸ್ತಿಹಳ್ಳಿ ಕಡೆ ಹೋಗ್ಬಿಟ್ಟೆ. ನಾನು ಸ್ಕೂಲು ಕೇಳಿದ್ರೆ ಅಲ್ಲಿನವರು ಬಸದಿ ತೋರಿಸಿದ್ರು."

ಮಕ್ಕಳು ಕಿಸಕ್ಕನೆ ನಕ್ಕರು. ಅಜ್ಜಿಯ ನಂಬಿಕೆಯನ್ನು ನಾನೇ ಅವರಿಗೆ ಹೇಳಿದ್ದೆ. ಒಂಬತ್ತನೇ ಕ್ಲಾಸಿನ ದಿವ್ಯಾ ಸುಮ್ಮನಿರಲಿಲ್ಲ. "ಮಿಸ್, ನಿಮ್ಮ ಕಥೆಯಿಂದಾನೇ!"

"ಏನಂತೆ?" ಎಂದು ಅವರು ನನ್ನನ್ನು ನೋಡಿದರು.

"ಏನಿಲ್ಲ ಸರ್. ಮೊದ್ಲು ನಿಮ್ಮ ಪ್ಯಾಂಟು ನೋಡ್ಕೊಳ್ಳಿ."

ಬಗ್ಗಿ ನೋಡಿಕೊಂಡರು. ತಲೆ ಎತ್ತಿದಾಗ ನಗು ಕಣ್ಣಿಗೆ ಮೊದಲು ಬಂದಿತ್ತು, ತುಟಿಗೆ ಆಮೇಲೆ ಇಳಿಯಿತು. ಆ ಸ್ವಲ್ಪ ಹೊತ್ತಿನ ಅಂತರದಲ್ಲೇ ನಾನು ಐದನೇ ಸಮುದ್ರ ಮರೆತಿದ್ದು.

ರಾಹುಲ್ ಅರಸೀಕೆರೆಯವರು, ವಿಜ್ಞಾನಕ್ಕೆ ಬಂದ ಅತಿಥಿ ಶಿಕ್ಷಕರು. ವಿಜ್ಞಾನ ಸಂಘಕ್ಕೆ ಒಂದು ಪ್ರಶ್ನೆ ಪೆಟ್ಟಿಗೆ ಮಾಡಿದರು. ಬಿಸ್ಕತ್ತಿನ ತಗಡಿನ ಡಬ್ಬ, ಅದಕ್ಕೊಂದು ಬೀಗ, ಕೀಲಿ ಹೆಡ್‌ಮಿಸ್ ವಿಶಾಲಮ್ಮನವರ ಹತ್ತಿರ. ಹೆಸರು ಬರೆಯದೆ ಯಾರು ಏನು ಬೇಕಾದರೂ ಕೇಳಬಹುದು. ಸೋಮವಾರ ಪ್ರಾರ್ಥನೆಯಾದ ಮೇಲೆ ಪೆಟ್ಟಿಗೆ ತೆರೆದು ಒಂದು ಚೀಟಿ ಓದಿ ಉತ್ತರ ಹೇಳುತ್ತಿದ್ದರು. ಆಗ ಕೇಳಿದವರು ಮುಂದೆ ಬಂದರೆ ಒಂದು ಪೆನ್ನು. ಸೋಮವಾರಕ್ಕೆ ಮೊದಲು ಪೆಟ್ಟಿಗೆ ತೆರೆಯುವಂತಿಲ್ಲ.

ತಮ್ಮ ಸಂಘ ಮುಗಿಸಿ ಅವರು ಹೊಂಗೆ ಮರದ ಅಂಚಿಗೆ ಬಂದು ಕೂರುವುದು ರೂಢಿಯಾಯಿತು.

"ನಿಮ್ಮ ರಾಜಕುಮಾರ ಏಳು ಸಮುದ್ರ ಈಜಿದ, ಒಪ್ಪಿದೆ. ಮಧ್ಯೆ ಊಟಕ್ಕೇನು ಮಾಡಿದ ಮೇಡಂ?"

"ಕಥೇಲಿ ಹಸಿವಾಗಲ್ಲ ಸರ್."

"ಹಾಗಾದ್ರೆ ನಾನು ಕಥೇಲಿ ಇಲ್ಲ ಬಿಡಿ" ಎಂದು ನನ್ನ ಡಬ್ಬಿಯ ಕಡೆ ನೋಡುತ್ತಿದ್ದರು. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಕಾರ್ತಿಕ ಕಳೆಯುವ ಹೊತ್ತಿಗೆ ನಾನು ಎರಡು ರೊಟ್ಟಿ ಹೆಚ್ಚಿಗೆ ತರುತ್ತಿದ್ದೆ. ಅಜ್ಜಿಗೆ ಅದು ಗೊತ್ತಿತ್ತು. ಕೇಳಲಿಲ್ಲ.

ಆಗಲೇ ಕಡೂರಿನ ಕಡೆಯಿಂದ ನನಗೆ ಸಂಬಂಧ ಬಂತು. ಅಪ್ಪ ಉತ್ತರಕ್ಕೆ ಕಾಯುತ್ತಿದ್ದರು. ರಾಹುಲ್ ಮನೆಯ ಗೋಡೆಯಲ್ಲಿ ಬುದ್ಧನ ಪಟ. ಜಾತಿ ನೋಡುವ ಅಪ್ಪ ಆ ಪಟದ ಮನೆಗೆ ನನ್ನನ್ನು ಕೊಡಲು ಒಪ್ಪುವುದಿಲ್ಲವೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅಪ್ಪನ ಎದುರು ನಿಲ್ಲುವ ಧೈರ್ಯ ನನಗಿತ್ತು. ಆದರೆ ಯಾರನ್ನು ನೆಚ್ಚಿ ನಿಲ್ಲಲಿ? ರಾಹುಲ್ ರೊಟ್ಟಿ ಚೆನ್ನಾಗಿದೆ ಎಂದಿದ್ದರೇ ಹೊರತು ಬೇರೇನೂ ಹೇಳಿರಲಿಲ್ಲ.

ಅದಕ್ಕೇ ಮಕ್ಕಳೂ ಮಾಡದ ಕೆಲಸ ಮಾಡಿದೆ. ಎಡಗೈಯಲ್ಲಿ ಸೊಟ್ಟಸೊಟ್ಟಗೆ ಒಂದು ಪ್ರಶ್ನೆ ಬರೆದು ಪೆಟ್ಟಿಗೆಗೆ ಹಾಕಿದೆ.

ಸೋಮವಾರ ಅದೇ ಚೀಟಿ ಅವರ ಕೈಗೆ ಬಂತು.

"'ಹಗಲು ಕಥೆ ಹೇಳಿದರೆ ದಾರಿಯಲ್ಲಿ ಹೋಗುವವರು ದಾರಿ ತಪ್ಪಿ ಬರುತ್ತಾರಂತೆ. ಹಾಗೆ ಬಂದವರನ್ನು ಉಳಿಸಿಕೊಳ್ಳುವುದು ಹೇಗೆ?'" ಮಕ್ಕಳು ನಕ್ಕರು. ರಾಹುಲ್ ನಗಲಿಲ್ಲ, ಪಾಠ ಮಾಡುವ ದನಿಯಲ್ಲಿ ಹೇಳಿದರು. "ಇದು ಮೂಢನಂಬಿಕೆ ಮಕ್ಕಳೇ. ನಾನೂ ದಾರಿ ತಪ್ಪೇ ಬಂದವನು. ಬೋರ್ಡು ಓದಲಿಲ್ಲ, ಅದು ಕಾರಣ. ಯಾವ ಕಥೆಯೂ ಅಲ್ಲ. ದಾರಿ ತಪ್ಪಿದವರನ್ನ ಉಳಿಸ್ಕೋಬಾರದು. ಸರಿಯಾದ ದಾರಿ ತೋರಿಸಿ ಕಳಿಸ್ಬೇಕು. ಯಾರ ಪ್ರಶ್ನೆ ಇದು? ಬನ್ನಿ ಮುಂದೆ."

ನಾನು ಧ್ವಜದ ಕಂಬ ನೋಡುತ್ತ ನಿಂತೆ. ಪೆನ್ನು ಅವರ ಜೇಬಿಗೇ ಮರಳಿತು.

ಆ ಸಂಜೆ ಅಪ್ಪನಿಗೆ "ಆಗ್ಲಿ" ಎಂದುಬಿಟ್ಟೆ. ಎರಡು ವಾರ ಬಿಟ್ಟು ಭಾನುವಾರ ವೀಳ್ಯ ಬದಲಾಯಿಸುವುದೆಂದು ನಿಶ್ಚಯವಾಯಿತು. ಮರದಡಿ ಕಥೆ ನಡೆಯುತ್ತಲೇ ಇತ್ತು, ಡಬ್ಬಿಯಲ್ಲಿ ರೊಟ್ಟಿ ಮಾತ್ರ ಒಬ್ಬಳಿಗಾಗುವಷ್ಟು. ರಾಹುಲ್ ಒಮ್ಮೆ ಡಬ್ಬಿ ನೋಡಿದರು, ಒಮ್ಮೆ ನನ್ನನ್ನು. ಎದ್ದುಹೋದರು.

ಆ ಭಾನುವಾರಕ್ಕೆ ಇನ್ನು ಮೂರು ದಿನವಿದೆ ಎನ್ನುವಾಗ ವಿಜ್ಞಾನಕ್ಕೆ ಖಾಯಂ ಶಿಕ್ಷಕಿಯ ಆರ್ಡರ್ ಬಂತು. ಖಾಯಂನವರು ಬಂದರೆ ಅತಿಥಿಗಳು ಎದ್ದು ಹೋಗಬೇಕು. ಶನಿವಾರವೇ ರಾಹುಲ್ ಅವರ ಕೊನೆಯ ದಿನ.

ಸಂಘದ ಪಿರಿಯಡ್ಡು ಮುಗಿದಿತ್ತು. ಅವರು ಪೆಟ್ಟಿಗೆ ಹಿಡಿದು ಮರದಡಿಗೆ ಬಂದರು.

"ಒಂದು ಪೆನ್ನು ಉಳ್ಕೊಂಡಿದೆ ಮೇಡಂ. ನಿಮ್ಮ ಸಂಘದ ಹದಿನೇಳು ಮಕ್ಕಳನ್ನೂ ಕೇಳ್ದೆ. ಯಾರೂ ನಂದಲ್ಲ ಅಂತಾರೆ."

ನಾನು ಎಡಗೈ ಚಾಚಿದೆ.

ರಾಹುಲ್ ಆ ಕೈಯನ್ನೇ ನೋಡಿದರು. ಮುಖದ ಬಣ್ಣ ನಿಧಾನವಾಗಿ ಇಳಿಯಿತು. ಪೆನ್ನನ್ನು ಅದರಲ್ಲಿಟ್ಟರು.

"ಚೆನ್ನಾಗಿ ನೋಡ್ದೆ ಉತ್ತರ ಹೇಳ್ಬಾರದು ಅಂತ ಮಕ್ಕಳಿಗೆ ಹೇಳ್ಕೊಡೋನು ನಾನು" ಎಂದರು. ಆಮೇಲೆ ನನ್ನ ಕೈಯಿಂದ ಅದೇ ಪೆನ್ನು ಇಸಿದುಕೊಂಡು ಒಂದು ಚೀಟಿ ಬರೆದು, ಮಡಚಿ, ಪೆಟ್ಟಿಗೆಯ ಸೀಳಿಗೆ ಹಾಕಿದರು.

"ಬಾಯಲ್ಲೇ ಹೇಳ್ಬಹುದಲ್ಲ ಸರ್."

"ಬಾಯಲ್ಲಿ ಹೇಳೋ ಧೈರ್ಯ ಇದ್ದಿದ್ರೆ ರೊಟ್ಟಿ ತಿನ್ನುವಾಗ್ಲೇ ಹೇಳ್ತಿದ್ದೆ. ಸೋಮವಾರ ಓದ್ತಾರೆ."

"ಸೋಮವಾರ ನೀವಿರಲ್ವಲ್ಲ."

"ಪೆಟ್ಟಿಗೆ ಇರುತ್ತೆ."

ಭಾನುವಾರದ ವಿಷಯ ನಾನು ಹೇಳಲಿಲ್ಲ. ಹೇಳಿದ್ದರೆ ಅವರು ಕನಿಕರಕ್ಕಾಗಿ ಏನಾದರೂ ಹೇಳಿಬಿಡುತ್ತಿದ್ದರು. ಹನ್ನೆರಡೂವರೆಯ ಅರಸೀಕೆರೆ ಬಸ್ಸು ಅವರನ್ನು ಹತ್ತಿಸಿಕೊಂಡು ಹೋಯಿತು. ಮಧ್ಯಾಹ್ನದ ಉರಿಬಿಸಿಲಿನಲ್ಲಿ, ಮಕ್ಕಳಿಲ್ಲದ ಮರದಡಿ ಕೂತು, ಏಳು ಸಮುದ್ರದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಹೇಳಿದೆ. ಬಸ್ಸು ಎಲ್ಲೂ ದಾರಿ ತಪ್ಪಲಿಲ್ಲ.

ಶಾಲೆಯ ಗ್ರೂಪಿನಲ್ಲಿ ಅವರ ನಂಬರಿತ್ತು. ಮನೆಗೆ ಬಂದು ಎರಡು ಸಲ ಟೈಪ್ ಮಾಡಿ ಅಳಿಸಿದೆ. ಚೀಟಿಯಲ್ಲಿ ಏನಿದೆ ಎಂದು ತಿಳಿದುಕೊಂಡ ಮೇಲೆ ಅಪ್ಪನಿಗೆ ಬೇಡ ಎನ್ನುವುದು ಸುಲಭ. ತಿಳಿಯದೆ ಅನ್ನಬಲ್ಲೆನೇ? ಬಲ್ಲೆ ಎಂದು ಬೆಳಗಾಗುವಷ್ಟರಲ್ಲಿ ಗೊತ್ತಾಯಿತು.

"ಕಡೂರಿನವರಿಗೆ ಬರಬೇಡಿ ಅಂತ ಹೇಳಿ ಅಪ್ಪ."

ಅಪ್ಪ ನನ್ನ ಮುಖ ನೋಡಿದರು. "ಯಾರವನು?"

"ಅವರ ಮನಸ್ಸಲ್ಲೇನಿದೆ ಅಂತ ನಂಗಿನ್ನೂ ಗೊತ್ತಿಲ್ಲ."

ಅಪ್ಪ ಚಪ್ಪಲಿ ಮೆಟ್ಟಿ ತೆಂಗಿನ ತೋಟಕ್ಕೆ ಹೋದರು. ಮಧ್ಯಾಹ್ನ ಊಟಕ್ಕೂ ಬರಲಿಲ್ಲ. ಅಜ್ಜಿ ಗೋಡೆಗೆ ಮುಖ ಮಾಡಿ ಮಲಗಿದ್ದರು.

"ಹಗಲೊತ್ತು ಕತೆ ಹೇಳ್‌ಬ್ಯಾಡ ಅಂದೆ" ಎಂದರು. "ಕೊನೆಗೆ ದಾರಿ ತಪ್ಪಿದ್ದು ನೀನೇ ಕಣೇ."

ಸೋಮವಾರ ಪ್ರಾರ್ಥನೆಯಾಯಿತು. ಹೊಸ ಶಿಕ್ಷಕಿ ಶಾಂತಾದೇವಿ ಬೀಗ ತೆಗೆದರು. ಪೆಟ್ಟಿಗೆಯಲ್ಲಿದ್ದದ್ದು ಒಂದೇ ಚೀಟಿ.

"'ದಾರಿ ತಪ್ಪಿದವನನ್ನು ಸರಿಯಾದ ದಾರಿಗೆ ಕಳಿಸಬೇಕು ಎಂದವನು ತಪ್ಪು ಹೇಳಿದ್ದ. ಅವನು ಬೇಕೆಂದೇ ಇನ್ನೊಂದು ಸಲ ದಾರಿ ತಪ್ಪಿ ಬಂದರೆ, ಹೊಂಗೆ ಮರದಡಿ ಜಾಗ ಇರುತ್ತದೆಯೇ?'" ಅವರು ಕನ್ನಡಕ ಸರಿಮಾಡಿಕೊಂಡರು. "ಇದೆಂಥ ಪ್ರಶ್ನೆ? ಯಾರದು? ಮುಂದೆ ಬನ್ನಿ."

ಯಾರೂ ಅಲುಗಲಿಲ್ಲ. ಎಂಟನೇ ಕ್ಲಾಸಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ವಿಶಾಲಮ್ಮನವರು ನನ್ನ ಕಡೆಗೇ ನೋಡುತ್ತಿದ್ದರು. ಧ್ವಜದ ಕಂಬ ಇದ್ದಲ್ಲೇ ಇತ್ತು. ಈ ಸಲ ನಾನು ಅದನ್ನು ನೋಡಲಿಲ್ಲ. ಮಕ್ಕಳ ಸಾಲುಗಳ ನಡುವೆ ನಡೆದು ಮುಂದೆ ಹೋದೆ. ದಿವ್ಯಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

"ಬರೆದವರು ಇಲ್ಲಿಲ್ಲ ಮೇಡಂ" ಎಂದೆ. "ಉತ್ತರ ನನ್ನ ಹತ್ರ ಇದೆ."

ಗೇಟಿನಾಚೆ ಅರಸೀಕೆರೆಯಿಂದ ಬಂದ ಬಸ್ಸು ನಿಂತು, ಯಾರನ್ನೂ ಇಳಿಸದೆ ಹೊರಟುಹೋಯಿತು. ಧೂಳು ಅಡಗುವವರೆಗೆ ಕಾದೆ.

"ಇರುತ್ತೆ" ಎಂದೆ.